ಕಣ್ಣು ಮಿಟುಕಿಸಿ ಡಾಕ್ಟ್ರೇ!

ವೈದ್ಯರ ಬಗ್ಗೆ ಸರ್ಕಾರಕ್ಕೆ ಕಾಳಜಿಯೇ ಇಲ್ಲ ಎನ್ನುವವರ ಬಾಯಿ ಮುಚ್ಚಿಸಲೆಂದೇ 2025ರ ಮೇ 1ರಿಂದ ಒಂದು ವ್ಯವಸ್ಥೆ ಬಂದಿದೆ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಪ್ರತಿಯೊಬ್ಬ ವೈದ್ಯರೂ ಕಾಲೇಜಿನ ಆವರಣದಲ್ಲಿ ನಿಂತು ಮೊಬೈಲಿಗೆ ಮುಖ ತೋರಿಸಬೇಕು. ಮುಖ ಆಧಾರ್‌ನ ಮುಖಕ್ಕೆ ತಾಳೆಯಾಗಬೇಕು, ನಿಂತ ಜಾಗವನ್ನು ಜಿಪಿಎಸ್ ಒಪ್ಪಬೇಕು. ಅಷ್ಟಕ್ಕೇ ಬಿಡುವುದಿಲ್ಲ, ಕಣ್ಣು ಮಿಟುಕಿಸಿ ಎಂಬ ಸೂಚನೆಯೂ ಬರುತ್ತದೆ. ಎದುರಿಗಿರುವುದು ಫೋಟೋ ಅಲ್ಲ, ಉಸಿರಾಡುವ ಮನುಷ್ಯ ಎಂದು ಯಂತ್ರಕ್ಕೆ ಖಾತ್ರಿಯಾಗಬೇಕಲ್ಲ! ಹೀಗೆ ತನ್ನ ವೈದ್ಯರು ಇನ್ನೂ ಬದುಕಿದ್ದಾರೆಯೇ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಬರುವಾಗೊಮ್ಮೆ ಹೋಗುವಾಗೊಮ್ಮೆ ವಿಚಾರಿಸಿಕೊಳ್ಳುತ್ತದೆ. ಹೆತ್ತ ತಾಯಿಯೂ ದಿನಕ್ಕೆ ಒಂದೇ ಸಲ ಫೋನ್ ಮಾಡುವ ಕಾಲವಿದು.

ನನ್ನ ನಾದಿನಿ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಅಡ್ಮಿಷನ್ ಡೇ ಮುಗಿಸಿ, ರಾತ್ರಿಯೆಲ್ಲ ವಾರ್ಡಿನಲ್ಲಿ ಕಳೆದು, ಬೆಳಿಗ್ಗೆ ಆ್ಯಪ್‌ಗೆ ಮುಖ ಒಡ್ಡಿದರೆ ಅದು ಗುರುತೇ ಹಿಡಿಯಲಿಲ್ಲವಂತೆ. ಮುಖ ತೊಳೆದು ಬಂದಳು, ಕನ್ನಡಕ ತೆಗೆದಳು, ಕೂದಲು ಸರಿಮಾಡಿಕೊಂಡಳು, ಕಿಟಕಿಯ ಬೆಳಕಿಗೆ ಹೋದಳು. ಊಹೂಂ. "ಆಧಾರ್‌ನಲ್ಲಿರೋದು ನಾನು ನಿದ್ದೆ ಮಾಡ್ತಿದ್ದ ಕಾಲದ ಮುಖ, ಅದು ಹೇಗೆ ತಾಳೆ ಆಗತ್ತೆ?" ಎಂದಳು. ಆ್ಯಪ್ ಒಪ್ಪದಿದ್ದರೆ ರಾತ್ರಿ ನೋಡಿದ ರೋಗಿಗಳೂ ಇಲ್ಲ, ಬರೆದ ಕೇಸ್ ಶೀಟೂ ಇಲ್ಲ. ಹಾಜರಾತಿ ನೂರಕ್ಕೆ 75ಕ್ಕಿಂತ ಕೆಳಗಿಳಿದರೆ ಕಾಲೇಜಿನ ಪಾಲಿಗೆ ಅವಳೇ ಇಲ್ಲ.

ಈ ಔಷಧ ಹುಟ್ಟಿದ್ದಕ್ಕೆ ರೋಗವೊಂದು ಇದ್ದೇ ಇತ್ತು, ಇಲ್ಲವೆನ್ನುವುದಿಲ್ಲ. ತಪಾಸಣೆಯ ದಿನ ಮಾತ್ರ ಕೋಟು ಹಾಕಿಕೊಂಡು ಬಂದು, ಬಸ್‌ಚಾರ್ಜು ಸಮೇತ ಸಂಭಾವನೆ ಪಡೆದು ಮಾಯವಾಗುವ 'ಭೂತ ಪ್ರಾಧ್ಯಾಪಕರು' ಖಾಸಗಿ ಕಾಲೇಜುಗಳಲ್ಲಿ ವರ್ಷಗಟ್ಟಲೆ ಮೆರೆದರು. ಆ ಭೂತ ಬಿಡಿಸಲು ಹೊರಟವರು ದಿನಾ ಬರುತ್ತಿದ್ದವರ ಜುಟ್ಟು ಹಿಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯಪದ್ಧತಿಗೆ ನಮ್ಮಲ್ಲಿ ಇಷ್ಟು ಎತ್ತರದ ಮಾನ್ಯತೆ ಸಿಕ್ಕಿದ್ದು ಸಂತೋಷದ ವಿಷಯ.

ಇನ್ನು ಕೆಲಸದ ಗಂಟೆಗಳ ವಿಚಾರ. ಇದರಲ್ಲಿ ನಮ್ಮ ದೇಶದ ಪ್ರಗತಿ ಕಂಡು ಯಾರಿಗಾದರೂ ರೋಮಾಂಚನವಾಗಬೇಕು. 1992ರ ಜೂನ್ 5ರಂದು ಕೇಂದ್ರ ಆರೋಗ್ಯ ಸಚಿವಾಲಯ ರೆಸಿಡೆಂಟ್ ವೈದ್ಯರಿಗಾಗಿ ಒಂದು ನಿರ್ದೇಶನ ಹೊರಡಿಸಿತು: ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೆ 48 ಗಂಟೆ ಮೀರಬಾರದು. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕನಿಗೆ ಕೊಟ್ಟಿದ್ದೂ ಅದೇ 48. ಆ ನಿರ್ದೇಶನವನ್ನು ಎಷ್ಟು ಜೋಪಾನ ಮಾಡಿದರೆಂದರೆ, ಒಮ್ಮೆಯೂ ಬಳಸದೆ ಹೊಚ್ಚ ಹೊಸದಾಗಿಯೇ ಇಟ್ಟಿದ್ದಾರೆ. ಆಮೇಲೆ 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿ ಬಂತು. ಅದರಲ್ಲಿ ಅಂಕಿಯ ರಗಳೆಯೇ ಇಲ್ಲ. ಪಿಜಿ ವಿದ್ಯಾರ್ಥಿಗಳು 'ಸಮಂಜಸವಾದ' ಅವಧಿ ಕೆಲಸ ಮಾಡಬೇಕು, ಅವರಿಗೆ 'ಸಮಂಜಸವಾದ' ವಿಶ್ರಾಂತಿ ಸಿಗಬೇಕು. ಯಾರ ದೃಷ್ಟಿಯಲ್ಲಿ ಸಮಂಜಸ ಎಂದು ಕೇಳುವಷ್ಟು ಅಸಮಂಜಸ ಪಿಜಿ ಇನ್ನೂ ಹುಟ್ಟಿಲ್ಲ. ಥೀಸಿಸ್‌ಗೆ ಸಹಿ ಹಾಕುವವರು, ಪರೀಕ್ಷೆಯಲ್ಲಿ ಎದುರು ಕೂರುವವರು, ಡ್ಯೂಟಿ ಹಾಕುವವರು ಎಲ್ಲ ಒಬ್ಬರೇ ಆಗಿರುವಾಗ ಸಮಂಜಸ ಯಾವುದೆಂದು ತಾನಾಗಿಯೇ ಹೊಳೆಯುತ್ತದೆ.

2024ರಲ್ಲಿ ಆಯೋಗದ ಕಾರ್ಯಪಡೆಯ ವರದಿ ಬಂತು. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ನೋಡಲೆಂದೇ ಮಾಡಿದ ಕಾರ್ಯಪಡೆ. ಅಧ್ಯಕ್ಷರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್. ಒಳ್ಳೆಯ ವರದಿ, ಕಳಕಳಿಯಿಂದ ಬರೆದ ವರದಿ. ದಿನಕ್ಕೆ ಏಳೆಂಟು ಗಂಟೆ ನಿದ್ದೆ ಬೇಕು, ವಾರಕ್ಕೊಂದು ರಜೆ ಬೇಕು ಎಂದೆಲ್ಲ ಹೇಳಿ, ಕೆಲಸ ವಾರಕ್ಕೆ 74 ಗಂಟೆ ದಾಟಬಾರದು ಎಂದು ಶಿಫಾರಸು ಮಾಡಿತು. 74! ಬೇಳೆ, ಎಣ್ಣೆ, ಪೆಟ್ರೋಲಿಗಷ್ಟೇ ಬೆಲೆ ಏರಿಕೆ ಎಂದುಕೊಂಡಿದ್ದೆವು. 32 ವರ್ಷದಲ್ಲಿ ದಯೆಯ ದರವೂ 48ರಿಂದ 74ಕ್ಕೆ ಏರಿದೆ. ಇದರಲ್ಲಿ ಕಾರ್ಯಪಡೆಯ ತಪ್ಪು ಹುಡುಕಬೇಡಿ. ವಾರಕ್ಕೆ ನೂರು ಗಂಟೆ ದುಡಿಯುವವರ ನಡುವೆ ನಿಂತು 48 ಎಂದರೆ ಎಲ್ಲರೂ ನಗುತ್ತಾರೆ ಎಂದು ಮನಃಶಾಸ್ತ್ರ ಓದಿದವರಿಗೆ ಗೊತ್ತಿರದೆ ಇದ್ದೀತೇ? ಇಷ್ಟಾಗಿ ಅದು ಬರೀ ಶಿಫಾರಸು. ಶಿಫಾರಸಿಗೂ ಸುತ್ತೋಲೆಗೂ ನಡುವೆ ಒಂದು ಕಡತವಿರುತ್ತದೆ, ಆ ಕಡತಕ್ಕೆ ಮಾತ್ರ ಏಳೆಂಟು ಗಂಟೆಗಿಂತ ಹೆಚ್ಚು ನಿದ್ದೆ ಸಿಗುತ್ತದೆ.

ಅದೇ ವರದಿಗಾಗಿ ಆನ್‌ಲೈನ್ ಸಮೀಕ್ಷೆ ನಡೆಸಿದರು. 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು, 7,035 ಅಧ್ಯಾಪಕರು ಫಾರಂ ತುಂಬಿದರು. ಮಾನಸಿಕ ತೊಂದರೆ ಇದೆಯೆಂದು ರೋಗನಿರ್ಣಯವೇ ಆಗಿದೆ ಎಂದವರು ಎಂಬಿಬಿಎಸ್‌ನಲ್ಲಿ ನೂರಕ್ಕೆ 27.8, ಪಿಜಿಯಲ್ಲಿ 15.3. ನೋಡಿದಿರಾ, ಪಿಜಿಗೆ ಬರುವ ಹೊತ್ತಿಗೆ ಅರ್ಧ ಗುಣವಾಗಿಬಿಟ್ಟಿದೆ ಎಂದು ಯಾರಾದರೂ ಅಧಿಕಾರಿ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಇನ್ನೊಂದು ಸಾಲು ಅಡ್ಡ ಬರುತ್ತದೆ. ಸಾಯುವ ಯೋಚನೆ ಬಂದಿತ್ತು ಎಂದವರು ಎಂಬಿಬಿಎಸ್‌ನಲ್ಲಿ ನೂರಕ್ಕೆ 16, ಪಿಜಿಯಲ್ಲಿ 31. ಇಷ್ಟಪಟ್ಟವರು ಮಾತ್ರ ತುಂಬಿದ ಫಾರಂ ಇದು, ದೇಶದ ಲೆಕ್ಕ ಅಂತ ಹಿಡಿಯಲಾಗದು ನಿಜ. ಆದರೂ ನನ್ನ ದಡ್ಡ ತಲೆಗೆ ಹೊಳೆದದ್ದು ಇಷ್ಟು: ಪಿಜಿಗಳಲ್ಲಿ ಕಾಯಿಲೆ ಕಡಿಮೆಯಾಗಿಲ್ಲ, ತೋರಿಸಿಕೊಳ್ಳಲು ಪುರಸೊತ್ತು ಕಡಿಮೆಯಾಗಿದೆ. ದಿನಕ್ಕೆ ನೂರಾರು ಓಪಿಡಿ ಚೀಟಿಗಳ ಮೇಲೆ ಬರೆಯುವ ಹುಡುಗನಿಗೆ ತನ್ನದೊಂದು ಚೀಟಿ ಮಾಡಿಸಲು ಕ್ಯೂ ನಿಲ್ಲುವ ಬಿಡುವಿಲ್ಲ. ಅವನ ತಲೆಯ ಮೇಲೇ 'ಟೆಲಿ-ಮನಸ್, 14416, ದಿನದ 24 ಗಂಟೆ' ಎಂಬ ಪೋಸ್ಟರ್ ಇದೆ. ನಿಮ್ಹಾನ್ಸ್ ಬೆನ್ನಿಗೆ ನಿಂತು ನಡೆಸುವ ಸೇವೆ, ಕನ್ನಡದಲ್ಲೂ ಮಾತಾಡುತ್ತಾರೆ, ಯಾರಿಗೇ ಬೇಕಾದರೂ ಮಾಡಬಹುದು. ರೋಗಿಗಳಿಗೆ ಆ ನಂಬರು ಬರೆದುಕೊಡುವವನೂ ಅವನೇ. ತಾನೇ ಮಾಡಿದ್ದು ಗೊತ್ತಾದರೆ ವಿಭಾಗದಲ್ಲಿ ಏನೆಂದಾರು ಎಂದು ಹೆದರುವವನೂ ಅವನೇ. ಏನೆನ್ನುತ್ತಾರೆ? "ನಮ್ಮ ಕಾಲದಲ್ಲಿ ನಾವೆಲ್ಲ ಮೂರು ದಿನ ಮನೆಗೇ ಹೋಗ್ತಿರಲಿಲ್ಲಯ್ಯಾ" ಎನ್ನುತ್ತಾರೆ. ಹಾಗೆ ಮೂರು ದಿನ ಮನೆಗೆ ಹೋಗದೆ ಇದ್ದುದರ ಪರಿಣಾಮ ಅವರ ಸ್ವಭಾವದಲ್ಲಿ ಕಾಣುತ್ತಲೇ ಇರುತ್ತದೆ.

ವೈದ್ಯೋ ನಾರಾಯಣೋ ಹರಿಃ ಎಂದು ಜುಲೈ 1ರಂದು, ಬಿ.ಸಿ. ರಾಯ್ ಅವರ ಹೆಸರಿನಲ್ಲಿ, ಶಾಲು ಹೊದಿಸುತ್ತೇವೆ. ನಾರಾಯಣನ ಪ್ರಮುಖ ಲಕ್ಷಣ ನಿದ್ದೆ. ಆದಿಶೇಷನ ಮೆತ್ತೆಯ ಮೇಲೆ, ಲಕ್ಷ್ಮಿ ಕಾಲೊತ್ತುತ್ತಿರಲು, ಯುಗಗಟ್ಟಲೆ. ಆ ಒಂದು ಬಾಬತ್ತು ಬಿಟ್ಟು ಮಿಕ್ಕ ನಾರಾಯಣತ್ವವನ್ನೆಲ್ಲ ಡಾಕ್ಟರಿಗೆ ಕೊಟ್ಟಿದ್ದೇವೆ. ಕೊರೊನಾ ಬಂದ 2020ರ ಮಾರ್ಚ್‌ನಲ್ಲಿ ತಟ್ಟೆ ಬಡಿದೆವು, ಮೇನಲ್ಲಿ ಹೆಲಿಕಾಪ್ಟರ್‌ನಿಂದ ಹೂ ಸುರಿದೆವು. ಜುಲೈ 2ನೇ ತಾರೀಕು ಮಾತ್ರ "ಯಾರ್ರೀ ಅದು ಡ್ಯೂಟಿ ಡಾಕ್ಟ್ರು?" ಎಂದು ಕ್ಯಾಶುವಾಲ್ಟಿಯ ಮೇಜು ಗುದ್ದುತ್ತೇವೆ.

ಗುದ್ದುವುದರ ವಿರುದ್ಧವೂ ನಮ್ಮಲ್ಲಿ ಕಾಯ್ದೆ ಇದೆ. ಕರ್ನಾಟಕದಲ್ಲಿ 2009ರಿಂದಲೇ ಇದೆ. ವೈದ್ಯರ ಮೇಲೆ ಕೈಮಾಡಿದರೆ ಜೈಲು ಎಂದು ಬರೆದ ಬೋರ್ಡು ಬಹುತೇಕ ಆಸ್ಪತ್ರೆಗಳಲ್ಲಿ ನೇತಾಡುತ್ತದೆ, ಕೆಲವು ಕಡೆ ಡಾಕ್ಟರ ಕುರ್ಚಿಯ ಹಿಂದಿನ ಗೋಡೆಯಲ್ಲಿ. ಹೊಡೆಯಲು ಬಂದವನು ಓದಿಕೊಂಡು ಹೊಡೆಯಲಿ ಎಂಬ ಅನುಕೂಲ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, 36 ಗಂಟೆಯ ಪಾಳಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಒರಗಿದ್ದ ಪಿಜಿ ವೈದ್ಯೆಯನ್ನು ಅತ್ಯಾಚಾರ ಮಾಡಿ ಕೊಂದರು. ಇಲ್ಲಿ ವ್ಯಂಗ್ಯಕ್ಕೆ ಜಾಗವಿಲ್ಲ. ವ್ಯಂಗ್ಯವಿರುವುದು ಆಮೇಲಿನದರಲ್ಲಿ. ಏಳನೇ ದಿನ ಕೇಂದ್ರದಿಂದ ಆದೇಶ ಬಂತು: ಹಲ್ಲೆಯಾದರೆ 6 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಮಾಡಿಸಬೇಕು. ಮಲಗುವುದಕ್ಕೆ ಒಂದು ಬಾಗಿಲಿರುವ, ಬಾಗಿಲಿಗೆ ಚಿಲಕವಿರುವ ಕೋಣೆ ಕೊಡುವುದಕ್ಕೆ ಇಂತಿಷ್ಟೇ ಗಂಟೆ ಎಂಬ ಗಡುವು ಮಾತ್ರ ಆ ಆದೇಶದಲ್ಲಿರಲಿಲ್ಲ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, 36 ಗಂಟೆಯ ಪಾಳಿಯ ಬಗ್ಗೆ ಕಳವಳಪಟ್ಟು, ಇನ್ನೊಂದು ಕಾರ್ಯಪಡೆ ರಚಿಸಿತು. ನಾದಿನಿಯ ಆಸ್ಪತ್ರೆಯಲ್ಲೂ ಸುರಕ್ಷತಾ ಸಮಿತಿಯಾಯಿತು. ಅದರ ಸದಸ್ಯ ಕಾರ್ಯದರ್ಶಿ ಅವಳೇ. ಸಭೆ ರಾತ್ರಿ ಡ್ಯೂಟಿಯ ಮರುದಿನ ಹನ್ನೊಂದಕ್ಕೆ.

ನೀತಿ ಬದಲಾದರೆ ಮನುಷ್ಯ ಹೊಂದಿಕೊಳ್ಳುತ್ತಾನೆ ಬಿಡಿ. ಬದಲಾದದ್ದು ಮತ್ತೆ ಬದಲಾಗುವುದು ಯಾವಾಗ ಎಂಬುದೇ ತಲೆ ತಿನ್ನುವ ಪ್ರಶ್ನೆ. ಔಷಧ ಚೀಟಿ ಒಂದನ್ನೇ ತೆಗೆದುಕೊಳ್ಳಿ. 2016ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ಜೆನರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಿರಿ ಎಂದಿತು. ಮಂಡಳಿಯೇ ಹೋಗಿ 2020ರಲ್ಲಿ ಆಯೋಗ ಬಂತು. ಆಯೋಗ 2023ರ ಆಗಸ್ಟ್ 2ರಂದು ಜೆನರಿಕ್ ಬರೆಯದಿದ್ದರೆ ಶಿಸ್ತು ಕ್ರಮ ಎಂದು ಗುಡುಗಿತು. ಆಗಸ್ಟ್ 23ಕ್ಕೆ ಆ ನಿಯಮಾವಳಿಯನ್ನು ಇಡಿಯಾಗಿ ತಡೆಹಿಡಿಯಿತು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕನ್ನಡದ ಅನ್ನ ಉಣ್ಣುವ ನನಗೆ ಆ ಪತ್ರದ ಬಗ್ಗೆ ತಕರಾರಿಲ್ಲ. ಆದರೆ ಎಲ್ಲರೂ ಸುಧಾರಿಸಲು ಹೊರಡುವುದು ಅದೇ ಒಂದು ಕೈಯನ್ನು, ಮತ್ತು ಆ ಕೈಗೆ ಒಂದು ಚೀಟಿ ಬರೆಯಲು ಸಿಗುವುದು ಎರಡು ನಿಮಿಷ.

ಓದುವ ಮಕ್ಕಳ ಪಾಡೂ ಇದೇ. ಎಂಬಿಬಿಎಸ್ ಮುಗಿಸುವವರಿಗಾಗಿ 2019ರ ಕಾಯ್ದೆಯಲ್ಲೇ ಬರೆದಿದ್ದ ನೆಕ್ಸ್ಟ್ ಪರೀಕ್ಷೆಯ ಅಣಕು ಪರೀಕ್ಷೆಗೆ ದಿನ ಗೊತ್ತಾಗಿ, 2023ರ ಜುಲೈನಲ್ಲಿ ಎಲ್ಲವೂ ಮುಂದಕ್ಕೆ ಹೋಯಿತು. 2024ರ ಜೂನ್ 23ರ ನೀಟ್-ಪಿಜಿಯನ್ನು 22ರ ರಾತ್ರಿ ಮುಂದೂಡಿದರು. ಬೇರೆ ಊರಿನ ಲಾಡ್ಜಿನಲ್ಲಿ ಅಡ್ಮಿಟ್ ಕಾರ್ಡ್ ಇಸ್ತ್ರಿ ಮಾಡಿಕೊಂಡು ಕೂತಿದ್ದವರು ರಾತ್ರೋರಾತ್ರಿ ಬಸ್ಸು ಹಿಡಿದರು. ಅದೇ ವರ್ಷ ಆಗಸ್ಟ್ ಕೊನೆಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಸೆಪ್ಟೆಂಬರ್ ಮೊದಲ ವಾರದಲ್ಲೇ ಹಿಂದಕ್ಕೆ ಹೋಯಿತು. ಆತಂಕದ ಕಾಯಿಲೆಯ ಲಕ್ಷಣಗಳನ್ನು ಪುಸ್ತಕದಿಂದ ಓದಿಸುವುದಕ್ಕಿಂತ ಹೀಗೆ ಪ್ರಾಯೋಗಿಕವಾಗಿ ಕಲಿಸುವುದು ಮೇಲು ಎಂಬ ಶಿಕ್ಷಣ ತತ್ತ್ವ ಇದರ ಹಿಂದೆ ಇರಬಹುದು.

ನಾದಿನಿಯ ಕ್ಲಾಸ್‌ಮೇಟ್ ಒಬ್ಬರು ಹೋಬಳಿಯ ಪಿಎಚ್‌ಸಿಯಲ್ಲಿ ವೈದ್ಯಾಧಿಕಾರಿ. ಅವರ ಕೇಂದ್ರದ ಬೋರ್ಡು ಮೊದಲು ಬರೀ ಪ್ರಾಥಮಿಕ ಆರೋಗ್ಯ ಕೇಂದ್ರ. ಆಮೇಲೆ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಎಂದಾಯಿತು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದಿಂದ ಪತ್ರ ಬಂತು: ಇನ್ನು ಮುಂದೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬರೆಸಿ, ಫೋಟೋ ತೆಗೆದು ಪೋರ್ಟಲ್‌ಗೆ ಹಾಕಿ. ಬೋರ್ಡಿನಲ್ಲಾದರೂ ಕ್ಷೇಮ ಇತ್ತು, ಅದರ ಮೇಲೂ ಬಣ್ಣ ಬಿತ್ತು.

ಪೋರ್ಟಲ್‌ಗಳ ಹೆಸರನ್ನು ಅವರು ಸಹಸ್ರನಾಮದಂತೆ ಒಪ್ಪಿಸುತ್ತಾರೆ: ಆರ್‌ಸಿಎಚ್, ಎಚ್‌ಎಂಐಎಸ್, ಐಎಚ್‌ಐಪಿ, ನಿಕ್ಷಯ್, ಯು-ವಿನ್, ಎನ್‌ಸಿಡಿ, ಇ-ಸಂಜೀವಿನಿ, ಆಭಾ. ಒಂದಕ್ಕೊಂದು ಮಾತಿಲ್ಲ ಕತೆಯಿಲ್ಲ, ಒಂದೇ ಬಾಣಂತಿಯನ್ನು ಎಲ್ಲಕ್ಕೂ ಬೇರೆಬೇರೆಯಾಗಿ ಪರಿಚಯಿಸಬೇಕು. ಹೊಸ ಪೋರ್ಟಲ್ ಬಂದಾಗ ಹಳೆಯದು ಹೋಗುವ ಪದ್ಧತಿ ಇಲಾಖೆಯಲ್ಲಿಲ್ಲ. ವಾರಕ್ಕೊಂದು ವಿಸಿ, ಅಂದರೆ ವಿಡಿಯೊ ಕಾನ್ಫರೆನ್ಸ್. ಪರದೆಯ ಮೇಲೆ ಕೇಂದ್ರಗಳಿಗೆಲ್ಲ ಬಣ್ಣ ಬಳಿದು ಕೂರಿಸಿರುತ್ತಾರೆ.

"ಏನ್ರೀ ಡಾಕ್ಟ್ರೇ, ನಿಮ್ಮ ಪಿಎಚ್‌ಸಿ ಯಾಕೆ ಕೆಂಪಗಿದೆ?"

"ಸಾರ್, ಬೆಳಿಗ್ಗೆಯಿಂದ ಒಂದು ಡೆಲಿವರಿ ಇತ್ತು..."

"ಡೆಲಿವರಿ ಇಲ್ಲಿ ಎಂಟ್ರಿನೇ ಆಗಿಲ್ವಲ್ರೀ?"

"ಮಾಡಿಸ್ತಾ ಇದ್ದೆ ಸಾರ್, ಅದಕ್ಕೇ ಎಂಟ್ರಿ ಆಗಿಲ್ಲ."

"ಎಂಟ್ರಿ ಆಗದಿದ್ರೆ ಡೆಲಿವರಿ ಆಗಿಲ್ಲ ಅಂತಲೇ ಲೆಕ್ಕ."

"ಮಗು ಅಳೋದು ಕೇಳಿಸ್ತಿದೆಯಾ ಸಾರ್?"

"ಮ್ಯೂಟ್ ಮಾಡ್ರೀ."

ಈ ಡಾಕ್ಟರಿಗೆ ರಾತ್ರಿ ನಿದ್ದೆ ಹೋಗಿ ತಿಂಗಳುಗಳೇ ಆಗಿದ್ದವು. ಎದೆ ಡವಡವ, ಸಣ್ಣದಕ್ಕೂ ಸಿಡಿಮಿಡಿ. ತನಗೇನಾಗಿದೆ ಎಂದು ಅವರಿಗೆ ಗೊತ್ತು, ಎಂಬಿಬಿಎಸ್‌ನಲ್ಲಿ ಓದಿದ್ದಾರಲ್ಲ. ರಾಜ್ಯದಲ್ಲಿ ಮನೋಚೈತನ್ಯ ಎಂಬ ಒಳ್ಳೆಯ ಕಾರ್ಯಕ್ರಮವಿದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬಂದು ಕೂರುತ್ತಾರೆ. ಎಷ್ಟೋ ಹಳ್ಳಿಯವರನ್ನು ಇವರೇ ಅಲ್ಲಿಗೆ ಕಳಿಸಿದ್ದಾರೆ. ಒಂದು ಮಂಗಳವಾರ ಧೈರ್ಯ ಮಾಡಿ ತಾವೂ ಹೋದರು. ಗೇಟಿನಲ್ಲೇ ಸೆಕ್ಯೂರಿಟಿ ಸಲ್ಯೂಟ್ ಹೊಡೆದ. ಚೀಟಿ ಕೌಂಟರಿನವರು "ಸಾರ್, ನಿಮಗ್ಯಾಕೆ ಚೀಟಿ, ಒಳಗ್ ಹೋಗಿ ಸಾರ್" ಎಂದರು. ಬಾಗಿಲಲ್ಲಿ ಕಾಯುತ್ತಿದ್ದವರ ಸಾಲಿನಲ್ಲಿ ಇವರೇ ಕಳಿಸಿದ್ದ ಅಜ್ಜಿ ಎದ್ದು ನಿಂತು, ನಮ್ಮನ್ನ ನೋಡೋಕೆ ಅಂತ ಇಲ್ಲೀವರೆಗೂ ಬಂದ್ರಾ ಸ್ವಾಮಿ ಎಂದು ಕೈಮುಗಿದಳು. ಹೂಂ ಅಜ್ಜಿ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ ಎಂದು ಡಾಕ್ಟರು ವಾಪಸ್ಸಾದರು. ಅಷ್ಟರಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯಿಂದ ಫೋನು, ವಿಸಿಗೆ ಯಾಕೆ ಜಾಯಿನ್ ಆಗಿಲ್ಲ ಎಂದು.

ಇನ್ನೊಂದು ಬಗೆಯ ಭಾರ ಯಾವ ಸಮೀಕ್ಷೆಯ ಕಾಲಂನಲ್ಲೂ ಹಿಡಿಯುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಆ ಬಾಟಲಿಗೆ ಟೆಂಡರ್ ಕರೆದದ್ದು, ಗುಣಮಟ್ಟ ನೋಡಿದ್ದು, ಗೋದಾಮಿನಿಂದ ಕಳಿಸಿದ್ದು ಯಾವುದೂ ವಾರ್ಡಿನ ವೈದ್ಯರ ಕೆಲಸವಲ್ಲ. ಕೂಸನ್ನು ಎತ್ತಿಕೊಂಡ ಅಜ್ಜಿಯ ಎದುರು ನಿಂತು ಸುದ್ದಿ ಹೇಳಬೇಕಾದವರು ಮಾತ್ರ ಅವರೇ. ಇಂಥ ಕಡೆ ಸಮಿತಿಗಳಿಗೆ ಕೇಳಲು ನೂರು ಪ್ರಶ್ನೆಗಳಿರುತ್ತವೆ. ನಿಮಗೆ ಹೇಗಿದೆ ಡಾಕ್ಟ್ರೇ ಎಂಬ ಪ್ರಶ್ನೆ ಆ ನೂರರಲ್ಲಿ ಇರುವುದಿಲ್ಲ.

ಇಲಾಖೆ ಕೈಕಟ್ಟಿ ಕೂತಿದೆ ಎಂದು ಭಾವಿಸಬೇಡಿ. ನಾದಿನಿಯ ಕಾಲೇಜಿನಲ್ಲಿ 'ವೈದ್ಯರ ಮಾನಸಿಕ ಸ್ವಾಸ್ಥ್ಯ' ಕಾರ್ಯಾಗಾರ ನಡೆಯಿತು. ಭಾನುವಾರ. ಹಾಜರಾತಿ ಕಡ್ಡಾಯ, ತಪ್ಪಿದರೆ ಕಾರಣ ಕೇಳಿ ನೋಟಿಸ್. ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳ ಪರಿಚಯ, ಅತಿಥಿಗಳ ಪರಿಚಯ ಮಾಡಿಕೊಟ್ಟವರ ಪರಿಚಯ ಎಲ್ಲ ಮುಗಿಯುವಾಗ ಹನ್ನೆರಡು. ಸಂಪನ್ಮೂಲ ವ್ಯಕ್ತಿಗಳು ಕಾರ್ಪೊರೇಟ್ ಕಂಪನಿಗಳಿಗೆಲ್ಲ ತರಬೇತಿ ಕೊಟ್ಟವರು. ಒತ್ತಡ ಹೊರಗೆಲ್ಲೂ ಇಲ್ಲ, ನಿಮ್ಮೊಳಗೇ ಇದೆ ಎಂದರು. ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಖಾಲಿ ಇವೆ ಎಂಬ ಪಟ್ಟಿ ಆಡಳಿತ ಕಚೇರಿಯ ಬೀರುವಿನಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ, ಪಾಪ. ಬೆಳಿಗ್ಗೆ ಐದಕ್ಕೆ ಎದ್ದು ಹತ್ತು ನಿಮಿಷ ಕೃತಜ್ಞತೆಯ ಡೈರಿ ಬರೆಯಿರಿ ಎಂದರು. ಹಿಂದಿನ ಸಾಲಿನ ಹೌಸ್‌ಸರ್ಜನ್ ಒಬ್ಬ, "ಸಾರ್, ಐದಕ್ಕೆ ಏಳಬೇಕು ಅಂದ್ರೆ ಅದಕ್ಕೆ ಮುಂಚೆ ಮಲಗಿರಬೇಕಾ?" ಎಂದು ನಿಜವಾದ ಜ್ಞಾನದಾಹದಿಂದ ಕೇಳಿದ. ಎಚ್‌ಓಡಿ ಅವನ ಹೆಸರು ಬರೆದುಕೊಂಡರು.

ಕೊನೆಗೆ ಉಸಿರಾಟದ ಅಭ್ಯಾಸ. ಎಲ್ಲರೂ ಕಣ್ಣು ಮುಚ್ಚಿ ಎಂದದ್ದೇ ತಡ, ಅರ್ಧ ಸಭಾಂಗಣ ಗೊರಕೆಗೆ ಜಾರಿತು. ಮುಕ್ಕಾಲು ಗಂಟೆ ಯಾರೂ ಮಿಸುಕಲಿಲ್ಲ. ಇಂಥ ಏಕಾಗ್ರತೆ ಯಾವ ಕಂಪನಿಯಲ್ಲೂ ನೋಡಿಲ್ಲ ಎಂದು ಅತಿಥಿಗಳು ಗದ್ಗದಿತರಾದರು. ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ ಚಿತ್ರವೂ ಬಂತು: ಧ್ಯಾನದಲ್ಲಿ ಮಗ್ನರಾದ ವೈದ್ಯರು. ಹೊರಡುವಾಗ ಅಭಿಪ್ರಾಯದ ಫಾರಂ ತುಂಬಿದರೆ ಮಾತ್ರ ಸರ್ಟಿಫಿಕೇಟು. 'ಕಾರ್ಯಾಗಾರದಿಂದ ನಿಮ್ಮ ಒತ್ತಡ' ಎಂಬ ಪ್ರಶ್ನೆಗೆ ಎರಡೇ ಉತ್ತರ: ಕಡಿಮೆಯಾಗಿದೆ, ಬಹಳ ಕಡಿಮೆಯಾಗಿದೆ. ವರದಿಯ ಪ್ರಕಾರ ಆ ಕಾಲೇಜಿನಲ್ಲಿ ಈಗ ಯಾರಿಗೂ ಒತ್ತಡವಿಲ್ಲ.

ಆ ನೆಮ್ಮದಿಯ ಬೆನ್ನಲ್ಲೇ ನಾದಿನಿ ಮೂರು ದಿನ ರಜೆ ಕೇಳಿದಳು. ಎಚ್‌ಓಡಿ ಮೇಡಂ ಒಳ್ಳೆಯವರು. "ಹೋಗಮ್ಮಾ, ಖಂಡಿತ ಹೋಗು. ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ಬದಲಿ ಯಾರು?" ಅರ್ಜಿಯಲ್ಲಿ ಬದಲಿ ವೈದ್ಯರ ಹೆಸರು ಎಂಬ ಕಾಲಂ ಇದೆ, ಅದು ಖಾಲಿಯಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಯೂನಿಟ್ಟಿನಲ್ಲಿ ಉಳಿದಿರುವುದೇ ಇನ್ನೊಬ್ಬರು. ಅವರ ಹೆಸರು ಬರೆದುಕೊಟ್ಟಳು. ಅವರೂ ಅದೇ ವಾರ, ಅದೇ ಮೂರು ದಿನಕ್ಕೆ, ಮಗಳ ನಾಮಕರಣವೆಂದು ಇವಳ ಹೆಸರು ಬರೆದುಕೊಟ್ಟಿದ್ದರು. ಎರಡೂ ಅರ್ಜಿ ಒಟ್ಟಿಗೇ ಆಫೀಸಿಗೆ ಹೋದವು. ನಾಲ್ಕನೇ ದಿನ ವಿಚಾರಿಸಲು ಹೋದಾಗ ಕೇಸ್‌ವರ್ಕರ್ ಕಡತದಿಂದ ತಲೆ ಎತ್ತಿ ಬಹಳ ಮರ್ಯಾದೆಯಿಂದಲೇ ಹೇಳಿದರಂತೆ:

"ಮೇಡಂ, ಎರಡೂ ಅರ್ಜಿ ನಿಯಮದ ಪ್ರಕಾರ ಕರೆಕ್ಟಾಗಿದೆ. ಬದಲಿ ಕಾಲಂ ಇಬ್ಬರದೂ ಭರ್ತಿ ಇದೆ. ಇಬ್ಬರಿಗೂ ಮಂಜೂರು ಮಾಡಿದೀವಿ. ಹೋಗಬೇಡಿ, ಅಷ್ಟೇ."